ಕೇಳಿದಾಗ ಮಾತ್ರ

"ನಿನ್ನ ಈ ಕಂಪ್ಯೂಟರು ಇದೆಯಲ್ಲ, ಥೇಟ್ ನಮ್ಮ ಪುರಸಭೆ ಗುಮಾಸ್ತನ ಥರ ಮಾರಾಯ್ತಿ," ಎಂದು ಜಿಯಾದ್ ಟ್ಯಾಬ್ಲೆಟ್ಟನ್ನು ಬೆರಿನಾಳ ಮೇಜಿನ ಮೇಲೆ ಕುಕ್ಕಿದ. "ಹೆಸರು ಕೇಳಿದ್ರೆ ಹೆಸರು ಕೊಡುತ್ತೆ. ಮಿಕ್ಕಿದ್ದು ಕೊಡಪ್ಪಾ ಅಂದ್ರೆ ಕಿಟಕಿ ಮುಚ್ಚಾಯ್ತು, ನಾಳೆ ಬಾ ಅನ್ನುತ್ತೆ. ಅಷ್ಟು ದೂರ ಬೆಟ್ಟ ಹತ್ತಿ ಹೋಗಿ, ಜನರ ಮುಂದೆ ಪೆದ್ದನ ಹಾಗೆ ಕೂತು ಬಂದೆ."

ಬೆರಿನಾ ನಕ್ಕಳು. ಅವಳಿಗೆ ಇಂಥ ದೂರು ಎಂದರೆ ಹಬ್ಬ. ಏನಾದರೂ ಕೆಟ್ಟಿದೆ ಅಂತ ಯಾರಾದರೂ ಬಂದರೆ ಸಾಕು, ಅವರು ಮಾತು ಮುಗಿಸುವ ಮೊದಲೇ ಅವಳ ಬೆರಳು ಕೀಲಿಗಳ ಮೇಲೆ ಓಡುತ್ತಿತ್ತು.

ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕಿ, ಮಣ್ಣಿನಡಿ ಸಿಕ್ಕವರನ್ನು ಗುರುತು ಹಿಡಿದು, ಮನೆಯವರಿಗೆ ಒಪ್ಪಿಸುವ ಕಚೇರಿ ಅದು. ಝೆನಿತ್ಸಾ ಪಟ್ಟಣದಲ್ಲಿ, ಉಕ್ಕಿನ ಕಾರ್ಖಾನೆಯ ಹೊಗೆ ಕಿಟಕಿಗೆ ಬಡಿಯುವಷ್ಟು ಹತ್ತಿರ ಇತ್ತು. ಯುದ್ಧ ಮುಗಿದಾಗ ಬೆರಿನಾ ಇನ್ನೂ ಹುಟ್ಟಿರಲಿಲ್ಲ. ಜಿಯಾದ್ ಆಗ ಮೀಸೆ ಚಿಗುರಿದ ಹುಡುಗ. ಈಗ ತಲೆ ನರೆತಿತ್ತು, ಹೊಟ್ಟೆ ಬಂದಿತ್ತು; ಹಳ್ಳಿ ಹಳ್ಳಿ ಸುತ್ತಿ, ಮನೆಯವರ ಎದುರು ಕೂತು, ಹೇಳಬೇಕಾದ್ದನ್ನು ಹೇಳಿ ಬರುವುದು ಅವನ ಕೆಲಸ. ಪ್ರೋಗ್ರಾಮು ಬರೆಯುವುದು ಅವಳ ಕೆಲಸ.

ತೊಂದರೆ ಏನೆಂದು ಬೆರಿನಾಳಿಗೆ ಕೂತಲ್ಲೇ ಹೊಳೆಯಿತು. ಜಾವಾ ಭಾಷೆಯಲ್ಲಿ ಬರೆದಿದ್ದ ಆ ಪ್ರೋಗ್ರಾಮಿನಲ್ಲಿ ಒಬ್ಬ ಮನುಷ್ಯನ ದಾಖಲೆ ತೆರೆದರೆ ಮೊದಲಿಗೆ ಬರುತ್ತಿದ್ದುದು ಅವನ ಹೆಸರು, ಊರು, ಹುಟ್ಟಿದ ವರ್ಷ, ಇಷ್ಟೇ. ಮನೆಯವರು ಯಾರು, ಅವನ ಮೂಳೆಗಳಲ್ಲಿ ಯಾವುದು ಎಲ್ಲಿ ಸಿಕ್ಕಿತು ಎಂಬುದೆಲ್ಲ ಡೇಟಾಬೇಸಿನಲ್ಲೇ ಮಲಗಿರುತ್ತಿತ್ತು. ಬೇಕು ಅಂತ ಬಟನ್ ಒತ್ತಿದಾಗ ಮಾತ್ರ ಎದ್ದು ಬರುತ್ತಿತ್ತು. ಕಚೇರಿಯಲ್ಲಿ ಕೂತು ಒತ್ತಿದರೆ ಸರಿ. ಬೆಟ್ಟದ ಮೇಲಿನ ಹಳ್ಳಿ ತಲುಪುವಷ್ಟರಲ್ಲಿ ಟ್ಯಾಬ್ಲೆಟ್ಟಿಗೂ ಡೇಟಾಬೇಸಿಗೂ ಮಾತು ಕಡಿದುಹೋಗಿರುತ್ತಿತ್ತು. ಆಮೇಲೆ ಒತ್ತಿದರೆ ಕೆಂಪು ಅಕ್ಷರದಲ್ಲಿ ಒಂದು ಬೈಗುಳ ಮಾತ್ರ.

"ಇದಕ್ಕೆ ಲೇಝಿ ಅಂತಾರೆ. ಸೋಮಾರಿ. ನಮ್ಮ ಅಜ್ಜಿ ಥರ. ನೀವು ಬಾಯ್ಬಿಟ್ಟು ಕೇಳಿದ್ರೆ ಮಾತ್ರ ಕಾಫಿಗೆ ಸಕ್ಕರೆ ತಂದಿಡೋದು," ಎಂದಳು ಬೆರಿನಾ. "ಇನ್ನೊಂದಿದೆ, ಈಗರ್ ಅಂತ, ಆತುರದ್ದು. ಅದು ನಮ್ಮಮ್ಮ. ಬರೀ ಕಾಫಿ ಸಾಕು ಅಂದ್ರೂ ಪಿತಾ ಕಡುಬು, ಉಪ್ಪಿನಕಾಯಿ, ನಿನ್ನೆ ಸೂಪು, ಅಕ್ಕನ ಮದುವೆ ಫೋಟೋ, ಎಲ್ಲಾ ತಂದು ಮೇಜಿನ ಮೇಲೆ ಸುರೀತಾಳೆ."

"ಹಾಗಾದ್ರೆ ಅಜ್ಜಿನ ಮಲಗ್ಸು. ನಿಮ್ಮಮ್ಮನ್ನ ಹಾಕು."

"ಒಂದೇ ಒಂದು ಪದ ಸೇರಿಸಿದ್ರೆ ಆಯ್ತು."

"ಒಂದು ಪದಕ್ಕೆ ನನ್ನನ್ನ ಇಷ್ಟು ದಿನ ಗೋಳು ಹುಯ್ಕೊಂಡ್ಯಾ? ಅದನ್ನ ಕಾಫಿ ಆರೋದ್ರೊಳಗೆ ಮಾಡು ಇಂಜಿನಿಯರಮ್ಮಾ!"

ಕಾಫಿ ಆರುವ ಮೊದಲೇ ಮಾಡಿದಳು. ಮನುಷ್ಯನಿಂದ ಮನೆಯವರಿಗೆ ಹೋಗುವಲ್ಲಿ ಒಮ್ಮೆ, ಮನೆಯವರಿಂದ ಅವರವರ ಮೂಳೆಗಳಿಗೆ ಹೋಗುವಲ್ಲಿ ಒಮ್ಮೆ, ಅದೇ ಪದ. ಒಂದು ದಾಖಲೆ ತೆರೆದು ನೋಡಿದಳು. ತೆರೆ ಒಂದು ಕ್ಷಣ ತಡೆಯಿತು, ಆಮೇಲೆ ಎಲ್ಲವೂ ಬಂತು: ಆ ಮನುಷ್ಯ, ಅವನ ತಮ್ಮಂದಿರು, ತಮ್ಮಂದಿರ ಮಕ್ಕಳು, ಯಾರ್ಯಾರದು ಏನೇನು ಸಿಕ್ಕಿದೆಯೋ ಅದೆಲ್ಲ. ಗೊಂಚಲಿನಿಂದ ಒಂದು ದ್ರಾಕ್ಷಿ ಎತ್ತಲು ಹೋದರೆ ಇಡೀ ಗೊಂಚಲೇ ಕೈಗೆ ಬಂದ ಹಾಗೆ. ಸ್ವಲ್ಪ ನಿಧಾನವಾಯಿತು ಅನ್ನಿಸಿತು. ಆದರೂ ಕೆಂಪು ಬೈಗುಳ ಇಲ್ಲ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಮರುದಿನ ಜಿಯಾದ್ ಹೊರಟಿದ್ದ ಹಳ್ಳಿಗೆ ತಾನೂ ಬರುತ್ತೇನೆಂದು ಹಟ ಹಿಡಿದಳು. ತನ್ನ ಪದ ಬೆಟ್ಟದ ಮೇಲೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕಿತ್ತು.

ಬೆಳಿಗ್ಗೆ ಹೊರಡುವ ಮೊದಲು ಅವಳೇ ದಾಖಲೆ ತೆರೆದು ಟ್ಯಾಬ್ಲೆಟ್ಟಿನಲ್ಲಿ ಇಳಿಸಿಕೊಂಡಳು. ಹೆಸರು ರಾಗಿಬ್. ಗೊರ್ನ್ಯಾ ಲಿಪಾ ಎಂಬ ಹಳ್ಳಿಯವನು, ಇನ್ನೂ ಸಿಕ್ಕಿಲ್ಲ. ಅವನನ್ನು ಗುರುತಿಸಲು ಒಡಹುಟ್ಟಿದವರ ರಕ್ತ ಬೇಕು. ತಂಗಿಯೊಬ್ಬಳು ಆಸ್ಟ್ರಿಯಾದ ಲಿಂಟ್ಸ್‌ನಲ್ಲಿದ್ದಾಳೆ. ಅವಳ ಈಗಿನ ಹೆಸರು, ಫೋನ್ ನಂಬರು ರಾಗಿಬನ ಹೆಂಡತಿಯ ಹತ್ತಿರ ಇರಬೇಕು. ಅಷ್ಟೇ ಕೆಲಸ.

"ಷೆಫಿಕಾ ತೆತಾ ಅಂತ," ಎಂದ ಜಿಯಾದ್, ಕಾರನ್ನು ತಿರುವಿನಲ್ಲಿ ಎಳೆಯುತ್ತ. ವಯಸ್ಸಾದ ಹೆಂಗಸರನ್ನೆಲ್ಲ ಅವನು ಚಿಕ್ಕಮ್ಮ ಅನ್ನುವಂತೆ ತೆತಾ ಎಂದೇ ಕರೆಯುತ್ತಿದ್ದ. "ಗಂಡ, ಮಗ ಒಂದೇ ದಿನ ಹೋದ್ರು. ಗಂಡನದು ಒಂದು ಚೂರೂ ಸಿಕ್ಕಿಲ್ಲ. ಮಗ ನಿಹಾದ್ ಸಿಕ್ಕಿದ. ಸಿಕ್ಕಿದ ಅಂದ್ರೆ, ಗೊತ್ತಲ್ಲ."

ಬೆರಿನಾಳಿಗೆ ಗೊತ್ತಿತ್ತು. ಕೊಂದವರು ಗುರುತು ಸಿಗದಿರಲೆಂದು ಗುಂಡಿಗಳನ್ನು ಯಂತ್ರದಿಂದ ಅಗೆದು ಬೇರೆ ಬೇರೆ ಕಡೆ ಸುರಿದಿದ್ದರು. ಒಬ್ಬನೇ ಮನುಷ್ಯ ಒಂದೇ ಸಲಕ್ಕೆ ಸಿಗುತ್ತಿರಲಿಲ್ಲ.

"ಮೊದಲ ಸಲ ನಾನೇ ಹೋಗಿ ಹೇಳಿದೆ. ಮಣ್ಣು ಮಾಡಿದ್ರು. ಆಮೇಲೆ ಇನ್ನೊಂದಿಷ್ಟು ಸಿಕ್ತು. ಮತ್ತೆ ಹೇಳಿದೆ, ಗೋರಿ ತೆಗೆಸಿ ಸೇರಿಸಿದ್ರು. ಅವತ್ತು ಅಂದ್ರು ನೋಡು, ಸಾಕು ಜಿಯಾದ್, ಇನ್ನು ನಾನಾಗಿ ಕೇಳಿದ್ರೆ ಹೇಳು, ಕೇಳದೇ ಬಾಯ್ಬಿಡಬೇಡ. ಎಷ್ಟು ಸಲ ಅಂತ ಮಗನ್ನ ಮಣ್ಣು ಮಾಡಲಿ ನಾನು, ಅಂದ್ರು."

"ಆಮೇಲೆ ಮತ್ತೆ ಸಿಕ್ತಾ?"

"ಸಿಕ್ತು."

"ಹೇಳ್ಲಿಲ್ವಾ?"

"ಅವರು ಕೇಳ್ಲಿಲ್ಲ."

"ಅವರಿಗೆ ಹೇಳಬಾರದು ಅಂತ ಎಲ್ಲಿ ಬರೆದಿಟ್ಟಿದ್ದೀರಿ?"

"ಬರೆಯೋದೇನು ಬಂತು? ಆ ಬಟನ್ ಒತ್ತಲ್ಲ ನಾನು, ಅಷ್ಟೇ."

ಬೆರಿನಾಳ ಮನಸ್ಸಿನಲ್ಲಿ ಏನೋ ಒಂದು ಮುಳ್ಳಿನಂತೆ ಚುಚ್ಚಿತು. ಏನೆಂದು ನೋಡುವಷ್ಟರಲ್ಲಿ ಮರದ ದಿಮ್ಮಿ ಹೊತ್ತ ಲಾರಿಯೊಂದು ಎದುರು ತಿರುವಿನಿಂದ ನುಗ್ಗಿತು. ಜಿಯಾದ್ ಕಾರನ್ನು ಚರಂಡಿಗೆ ಇಳಿಸಿ, ಕಿಟಕಿಯಿಂದ ತಲೆ ಹೊರಹಾಕಿ, ಆ ಚಾಲಕನ ಅಪ್ಪನಿಗೂ ಅವನ ಕತ್ತೆಗೂ ಏನು ಸಂಬಂಧ ಎಂದು ಬೆಟ್ಟಕ್ಕೆಲ್ಲ ಕೇಳುವಂತೆ ವಿಚಾರಿಸಿದ. ಬೆರಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚುಚ್ಚಿದ್ದು ಮರೆತುಹೋಯಿತು.

ಷೆಫಿಕಾ ಬಾಗಿಲಲ್ಲೇ ನಿಂತಿದ್ದಳು. ಸಣ್ಣ ಮೈ, ತಲೆಗೆ ಕಟ್ಟಿದ ಬಿಳಿ ವಸ್ತ್ರ, ಕೈಯಲ್ಲಿ ಹಿಟ್ಟು.

"ಬಂದೆಯಾ? ಹೊಟ್ಟೆ ಮೊದಲು ಬಂತು, ನೀನು ಆಮೇಲೆ ಬಂದೆ," ಎಂದಳು ಜಿಯಾದನಿಗೆ. "ಸಿಗರೇಟು ಬಿಟ್ಯಾ?"

"ಬಿಟ್ಟೆ ತೆತಾ."

"ಸುಳ್ಳ. ಇಲ್ಲಿಗೇ ವಾಸನೆ ಹೊಡೀತಿದೆ." ಬೆರಿನಾಳ ಕಡೆ ತಿರುಗಿದಳು. "ನೀನು ಯಾರ ಮಗಳು?"

ಬೆರಿನಾ ಅಪ್ಪನ ಹೆಸರು ಹೇಳಿದಳು, ಅಜ್ಜನ ಹೆಸರು ಹೇಳಿದಳು, ಅಜ್ಜನ ಊರು ಹೇಳಿದಳು, ಜಿಯಾದನ ಟ್ಯಾಬ್ಲೆಟ್ಟಿಗೆ ಪ್ರೋಗ್ರಾಮು ಬರೆಯುವವಳು ತಾನೇ ಎಂದೂ ಹೇಳಿದಳು. ಷೆಫಿಕಾ ಅದನ್ನೆಲ್ಲ ತೂಗಿ ನೋಡಿ, ಒಪ್ಪಿ, "ಬಾ ಮಗಾ, ಒಳಗೆ ಬಾ," ಎಂದಳು. ಆ ಕಡೆಯ ಹೆಂಗಸರು ಹೆಣ್ಣುಮಕ್ಕಳನ್ನೂ ಮಗಾ ಎಂದೇ ಕರೆಯುವುದು.

ತಾಮ್ರದ ಪಾತ್ರೆಯಲ್ಲಿ ಕಾಫಿ ಬಂತು, ಆಲೂಗಡ್ಡೆ ತುಂಬಿ ಬೇಯಿಸಿದ ಪಿತಾ ಬಂತು. ತಿನ್ನದೆ ಮಾತಾಡುವ ಹಾಗಿರಲಿಲ್ಲ. ತಿಂದರು. ನೆಗಡಿ, ಸೌದೆಯ ಬೆಲೆ, ಪಕ್ಕದ ಮನೆಯವನ ಬೇಲಿ ಎಲ್ಲ ಮುಗಿದ ಮೇಲೆ ಜಿಯಾದ್ ಅವಳ ನಾದಿನಿಯ ವಿಚಾರ ಎತ್ತಿದ.

"ಆ ಮಹಾತಾಯೀನಾ? ಲಿಂಟ್ಸಿಗೆ ಹೋದ್ಮೇಲೆ ಹೆಸರೇ ಬದಲಾಯ್ಸಿದ್ದಾಳೆ. ಎರಡನೇ ಗಂಡನ ಹೆಸರು, ಬಾಯಿಗೇ ಬರಲ್ಲ. ನಿಮ್ಮ ಹತ್ರ ಏನಂತ ಬರ್ಕೊಂಡಿದ್ದೀರ? ತೋರ್ಸು, ಸರಿಯಿದೆಯಾ ನೋಡ್ತೀನಿ."

ಜಿಯಾದ್ ಟ್ಯಾಬ್ಲೆಟ್ಟಿಗೆ ಕೈ ಹಾಕುವ ಮೊದಲೇ ಬೆರಿನಾ ಎತ್ತಿಕೊಂಡಿದ್ದಳು. ನೆಟ್‌ವರ್ಕಿನ ಗೀಟು ಒಂದೂ ಇರಲಿಲ್ಲ. ರಾಗಿಬನ ಹೆಸರನ್ನು ಮುಟ್ಟಿದಳು, ತೆರೆಯಿತು, ಎದೆ ಉಬ್ಬಿತು. "ನೋಡಿ ತೆತಾ," ಎಂದು ಕಪ್ಪುಗಳ ನಡುವೆ ಜಾಗ ಮಾಡಿ ಅವಳ ಕಡೆಗೇ ತಿರುಗಿಸಿ ಇಟ್ಟಳು.

ತೆರೆಯಲ್ಲಿ ಮನುಷ್ಯಾಕೃತಿಯ ಎರಡು ಚಿತ್ರಗಳಿದ್ದವು. ಸಿಕ್ಕ ಮೂಳೆಗೆ ಬಣ್ಣ, ಸಿಗದ್ದಕ್ಕೆ ಬಿಳಿ. ಮೇಲಿನದು ಪೂರ್ತಿ ಬಿಳಿ. ಅದು ರಾಗಿಬ್. ಕೆಳಗಿನದಕ್ಕೆ ತಲೆಯಿಂದ ಮೊಣಕಾಲಿನವರೆಗೆ ಬಣ್ಣವಿತ್ತು. ಬಲಗೈಗೂ ಇತ್ತು, ಭುಜದಿಂದ ಬೆರಳಿನ ತುದಿಯವರೆಗೂ.

ಆಗ ಬೆರಿನಾಳಿಗೆ ಕಾರಿನಲ್ಲಿ ಚುಚ್ಚಿದ್ದು ಏನೆಂದು ತಿಳಿಯಿತು. ಜಿಯಾದ್ ಒತ್ತದೆ ಬಿಟ್ಟಿದ್ದ ಬಟನ್ನನ್ನು ಅವಳ ಪದ ತಾನಾಗಿಯೇ ಒತ್ತಿಬಿಟ್ಟಿತ್ತು.

ಜಿಯಾದನ ಕೈ ಮೇಜಿನ ಮೇಲೆ ಮುಂದೆ ಬಂದಿತ್ತು. ಅಷ್ಟರಲ್ಲಿ ಷೆಫಿಕಾ ಚಿತ್ರದ ಮೇಲೆ ಬೆರಳಿಟ್ಟಳು. ಬೆರಳಿನ ಹಿಟ್ಟು ಗಾಜಿಗೆ ಅಂಟಿತು.

"ಇದು ನಿಹಾದ್," ಎಂದಳು. "ಇದನ್ನ ನನಗೆ ತೋರ್ಸಿದ್ರಿ ಮುಂಚೆ. ಆಗ ಈ ಕೈ ಇರಲಿಲ್ಲ."

"ಕಂಪ್ಯೂಟರ್ ತಪ್ಪು ತೆತಾ," ಎಂದ ಜಿಯಾದ್. ಎಷ್ಟು ಸಲೀಸಾಗಿ ಅಂದನೆಂದರೆ ಬೆರಿನಾಳೇ ಬೆಚ್ಚಿದಳು. "ಹೊಸ ಪ್ರೋಗ್ರಾಮು. ನಿನ್ನೆ ಹಾಕಿದ್ರು, ಇವತ್ತು ಯಾರ್ಯಾರ ಕೈಕಾಲು ತಂದು ಯಾರ್ಯಾರಿಗೋ ಅಂಟಿಸ್ತಾ ಇದೆ. ಕೊಡಿ ಇಲ್ಲಿ, ಇದನ್ನ ಬಾವಿಗೆ ಹಾಕ್ಬೇಕು."

ಷೆಫಿಕಾ ಕೊಡಲಿಲ್ಲ. ಬೆರಿನಾಳನ್ನು ನೋಡಿದಳು.

"ಇದನ್ನ ನೀನು ಮಾಡಿದ್ದಲ್ವಾ ಮಗಾ? ತಪ್ಪು ತೋರಿಸ್ತಿದೆಯಾ ಇದು?"

"ಇಲ್ಲ ತೆತಾ, ಸರಿಯಾಗೇ ಇದೆ."

ಅವಳು ಯೋಚಿಸಿ ಆಡಿದ ಮಾತಲ್ಲ. ಯಾರೇ ಕೇಳಿದರೂ, ಯಾವಾಗ ಕೇಳಿದರೂ, ತನ್ನ ಪ್ರೋಗ್ರಾಮಿನ ಬಗ್ಗೆ ಅವಳ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದು. ಆಡಿದ ಮೇಲೆ ಜಿಯಾದನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

ಒಲೆಯೊಳಗೆ ಸೌದೆ ಕುಸಿದ ಸದ್ದು ಕೇಳಿತು.

"ಯಾವಾಗ ಸಿಕ್ತು?"

"ಕೊರೊನಾ ವರ್ಷ," ಎಂದ ಜಿಯಾದ್.

"ಎಲ್ಲಿದೆ ಈಗ?"

"ನಮ್ಮಲ್ಲೇ. ಜೋಪಾನವಾಗಿದೆ."

"ಆ ವರ್ಷ ಮೂತಿಗೆ ಬಟ್ಟೆ ಕಟ್ಕೊಂಡು ಬಂದು ಅಂಗಳದಲ್ಲಿ ನಿಂತು ಕಾಫಿ ಕುಡಿದೆ. ಗೊತ್ತಿತ್ತಾ ಆಗ?"

"ಗೊತ್ತಿತ್ತು. ನೀವು ಕೇಳ್ಲಿಲ್ಲ ತೆತಾ."

"ಕೇಳ್ಲಿಲ್ಲ," ಎಂದಳು ಷೆಫಿಕಾ. "ಕೇಳ್ಬಾರ್ದು ಅಂತಲೇ ಕೇಳ್ಲಿಲ್ಲ."

ಟ್ಯಾಬ್ಲೆಟ್ಟನ್ನು ಮೆಲ್ಲಗೆ ಜಿಯಾದನ ಕಡೆ ಸರಿಸಿದಳು. ಸೆರಗಿನಂಥ ಏಪ್ರನ್ ತುದಿಗೆ ಕೈ ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು.

"ಅವತ್ತು ಬೆಳಿಗ್ಗೆ ಬೈದಿದ್ದೆ ಅವನಿಗೆ. ಹಸಿ ಅಕ್ರೋಟು ಸುಲಿದು ಕೈಯೆಲ್ಲ ಕಪ್ಪು ಮಾಡ್ಕೊಂಡಿದ್ದ. ಆ ಕಪ್ಪು ಸೋಪಿಗೂ ಹೋಗಲ್ಲ. ಆ ಕೈಯಲ್ಲೇ ಬ್ರೆಡ್ಡು ಮುಟ್ತೀಯಾ, ಮನುಷ್ಯನಾ ನೀನು ಅಂತ." ಒರೆಸುವುದನ್ನು ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡಳು. "ತೊಡೆ ಸಿಕ್ತು ಅಂದೆ, ಮಣ್ಣು ಮಾಡಿದೆ. ಎದೆ ಸಿಕ್ತು ಅಂದೆ, ಮಣ್ಣು ಮಾಡಿದೆ. ಬಲಗೈ ಬಂದಿರಲಿಲ್ಲ. ಅದೊಂದನ್ನ ನಾನು ಸಾಯೋಕೆ ಬಿಟ್ಟಿರಲಿಲ್ಲ ಜಿಯಾದ್. ಹುಚ್ಚು ಅಂತ ಗೊತ್ತು. ಆದ್ರೂ ಶರತ್ಕಾಲ ಬಂದು ಅಕ್ರೋಟು ಉದುರೋವಾಗ, ಎಲ್ಲೋ ಕೂತು ಸುಲೀತಾ ಇರುತ್ತೆ ಅಂದ್ಕೊಳ್ತಿದ್ದೆ."

ಬೆರಿನಾ ಅಳುತ್ತಿದ್ದಳು. "ಕ್ಷಮಿಸಿ ತೆತಾ. ನನಗೆ ಗೊತ್ತಾಗ್ಲಿಲ್ಲ."

ಷೆಫಿಕಾ ಅವಳ ತಲೆ ಸವರಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಬೆರಿನಾಳಿಗೆ ತಾಳಲಾಗಲಿಲ್ಲ.

"ಜಿಯಾದ್ ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ದ ನೋಡು ಮಗಾ. ನೀನೂ ಹೂಂ ಅಂದಿದ್ರೆ ನಂಬ್ತಿದ್ದೆ ನಾನು. ನಂಬೋಕೆ ತಯಾರಾಗೇ ಕೇಳಿದ್ದು."

ವಾಪಸು ಬರುವಾಗ ನದಿಯ ಹತ್ತಿರ ಬಂದ ಮೇಲೆ ಜಿಯಾದ್ ಬದಿಗೆ ನಿಲ್ಲಿಸಿ ಸಿಗರೇಟು ಹಚ್ಚಿದ.

"ಬೈದುಬಿಡಿ," ಎಂದಳು ಬೆರಿನಾ.

"ಏನಂತ ಬೈಲಿ? ಎಲ್ಲಾ ತಂದು ಸುರಿ ಅಂದೋನು ನಾನೇ. ಆಗ ಇವರ ಮುಖ ನನ್ನ ಕಣ್ಣಿಗೆ ಬರ್ಲೇ ಇಲ್ಲ, ಬರೀ ಬೆಟ್ಟ ಹತ್ತಿದ ನನ್ನ ಮೊಣಕಾಲಿನ ನೋವು ಬಂತು. ಇಷ್ಟು ವರ್ಷ ಬಾಯಿ ಕಟ್ಕೊಂಡಿದ್ದೆ ಅಂತ ಒಳಗೊಳಗೇ ಮೆರೀತಿದ್ದೆ ಬೇರೆ." ಹೊಗೆ ಬಿಟ್ಟ. "ಆದ್ರೆ ನೀನು, ಮಾರಾಯ್ತಿ, ಒಂದು ಉಸಿರು ತಡೀಬಾರ್ದಿತ್ತಾ?"

ಬೆರಿನಾ ತನ್ನ ಕಡೆಯ ಕಿಟಕಿ ಇಳಿಸಿದಳು.

ಕಚೇರಿಗೆ ಬಂದವಳು ಕೋಟು ಬಿಚ್ಚದೆ ಕೂತಳು. ಪ್ರೋಗ್ರಾಮಿನ ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ತೆರೆದು ಹಿಂದೆ ಹಿಂದೆ ಹೋದಳು. ತನಗಿಂತ ಮೊದಲು ಇದನ್ನು ಬರೆದವರು ಯಾರೋ ಇದ್ದರಲ್ಲ. ಮನೆಯವರು ಕೇಳದೆ ಯಾವುದೂ ಎದ್ದು ಬರಬಾರದೆಂದು ಅವರಿಗೆ ತಿಳಿದಿತ್ತು, ಬೇಕೆಂದೇ ಸೋಮಾರಿಯಾಗಿ ಇಟ್ಟಿದ್ದರು ಅಂತ ಅವಳಿಗೆ ಅನ್ನಿಸಿತ್ತು. ಎಲ್ಲಾದರೂ ಒಂದು ಸಾಲು ಎಚ್ಚರಿಕೆ ಬರೆದಿರುತ್ತಾರೆ, ತಾನು ಅದನ್ನು ಓದದೆ ಹಾದುಹೋಗಿದ್ದೇನೆ ಎಂದು ಹುಡುಕಿದಳು. ಸಿಕ್ಕಿದ್ದರೆ ಚೆನ್ನಾಗಿತ್ತು, ತಪ್ಪಿಗೊಂದು ಆಕಾರ ಸಿಗುತ್ತಿತ್ತು.

ಮೊದಲ ಆವೃತ್ತಿಯವರೆಗೂ ಏನೂ ಇರಲಿಲ್ಲ. ಆ ಜಾಗದಲ್ಲಿ ಯಾರೂ ಯಾವ ಪದವನ್ನೂ ಬರೆದಿರಲಿಲ್ಲ. ಬರೆಯದಿದ್ದರೆ, ಒಂದು ದಾಖಲೆಗೆ ಹಲವು ಸೇರುವಲ್ಲಿ, ಜಾವಾದಲ್ಲಿ ದಾಖಲೆ ತರುವ ವ್ಯವಸ್ಥೆ ತಾನಾಗಿಯೇ ಸೋಮಾರಿಯಾಗಿರುತ್ತದೆ. ಅಷ್ಟೇ. ಷೆಫಿಕಾಳನ್ನು ಇಷ್ಟು ವರ್ಷ ಕಾಪಾಡಿದ್ದು ಯಾರ ಜಾಣತನವೂ ಆಗಿರಲಿಲ್ಲ, ಯಾರ ಕರುಣೆಯೂ ಆಗಿರಲಿಲ್ಲ. ಯಾರೂ ಗಮನಿಸದೆ ಬಿಟ್ಟಿದ್ದ ಒಂದು ಖಾಲಿ ಜಾಗ. ಅದನ್ನು ಅವಳು ತುಂಬಿದ್ದಳು.

ಪದವನ್ನು ಎರಡೂ ಕಡೆ ಅಳಿಸಿದಳು. ಆಮೇಲೆ ಹಲವು ದಿನ ಕೂತು, ಜಿಯಾದನ ತಲೆಯಲ್ಲಿದ್ದ ಮನೆಗಳನ್ನೆಲ್ಲ ಅವನ ಬಾಯಿಂದಲೇ ಹೇಳಿಸಿಕೊಂಡು, ಯಾರು ಹೇಳಿ ಎಂದಿದ್ದಾರೆ, ಯಾರು ಬೇಡವೆಂದಿದ್ದಾರೆ ಎಂಬುದನ್ನು ಪ್ರೋಗ್ರಾಮಿಗೆ ಕಲಿಸಿದಳು. ಬೇಡವೆಂದವರ ದಾಖಲೆ ಹಳ್ಳಿಗೆ ಹೊರಡುವ ಟ್ಯಾಬ್ಲೆಟ್ಟಿಗೆ ಇಳಿಯುವುದೇ ಇಲ್ಲ. ಬೇಕೆಂದವರದ್ದು ಹೊರಡುವ ಮೊದಲೇ, ಸಂಪರ್ಕ ಇರುವಾಗಲೇ, ಕೇಳಿ ತಂದಿಡುತ್ತದೆ. ಚೆನ್ನಾಗಿ ಕೆಲಸ ಮಾಡಿತು. ಈ ಸಲ ಅವಳು ಯಾರಿಗೂ ತೋರಿಸಲಿಲ್ಲ.

ನಿಹಾದನನ್ನು ಮೂರನೇ ಸಲ ಮಣ್ಣಿಗೆ ಕೊಟ್ಟ ದಿನ ಬೆರಿನಾಳೂ ಹೋದಳು. ಮಣ್ಣು ಮಾಡುವಲ್ಲಿ ಗಂಡಸರು. ಹೆಂಗಸರು ಬೇಲಿಯ ಈಚೆ. ಜಿಯಾದ್ ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಹೋದ. ಅಷ್ಟು ಚಿಕ್ಕ ಪೆಟ್ಟಿಗೆಯನ್ನು ಹೊರಲು ಇನ್ನೊಬ್ಬರು ಬೇಕಿರಲಿಲ್ಲ, ಆದರೂ ಊರಿನ ಗಂಡಸರು ಒಬ್ಬೊಬ್ಬರಾಗಿ ಬಂದು ಅದಕ್ಕೆ ಕೈ ತಾಗಿಸಿ ಎರಡು ಹೆಜ್ಜೆ ಜೊತೆಗೆ ನಡೆದರು. ಷೆಫಿಕಾ ಬೆರಿನಾಳ ತೋಳು ಹಿಡಿದುಕೊಂಡಿದ್ದಳು. ಅಳಲಿಲ್ಲ. ಮಣ್ಣು ಬೀಳುವ ಸದ್ದು ನಿಂತ ಮೇಲೆ, "ಇನ್ನು ಪಾದಗಳು ಬಾಕಿ ಇವೆ ಅಲ್ವಾ?" ಎಂದಳು.

"ಮತ್ತೆ ಮೊಣಕಾಲಿನ ಕೆಳಗೆ, ಎರಡೂ ಕಡೆ," ಎಂದಳು ಬೆರಿನಾ ಮೆಲ್ಲಗೆ. ಈಗ ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಸಿಕ್ಕಿದ್ರೆ ಹೇಳ್ತೀಯಾ?"

"ನೀವು ಹೇಳು ಅಂದ್ರೆ."

"ಹೇಳು. ಇನ್ನು ಎಲ್ಲಾ ಹೇಳು."

ಮುಂದಿನ ಗುರುವಾರ ಫೋನ್ ಬಂತು. ಗುರುವಾರ ಸಂತೆಗೆಂದು ಷೆಫಿಕಾ ಬೆಟ್ಟ ಇಳಿದು ಬರುತ್ತಿದ್ದಳು, ಕೆಳಗೆ ಸಿಗ್ನಲ್ ಚೆನ್ನಾಗಿತ್ತು. "ಏನಾದ್ರೂ ಬಂತಾ ಮಗಾ?" ಬಂದಿರಲಿಲ್ಲ. ಅದರ ಮುಂದಿನ ಗುರುವಾರವೂ ಬಂತು. ಮೊದಲೆಲ್ಲ ಬೆರಿನಾ, ಸಿಕ್ಕಿದ ಕೂಡಲೇ ನಾನೇ ಮಾಡ್ತೀನಿ ತೆತಾ, ನೀವು ಯಾಕೆ ತೊಂದರೆ ತಗೋತೀರ ಎನ್ನುತ್ತಿದ್ದಳು. ಆಮೇಲೆ ಆ ಮಾತು ಬಿಟ್ಟಳು. ಯಾವುದನ್ನೂ ಕೇಳದೆ ಇದ್ದವಳು ಈಗ ಎಲ್ಲವನ್ನೂ ಕೇಳುತ್ತಿದ್ದಳು. ನಿಹಾದನ ಪಾದ ಕೇಳುತ್ತಿದ್ದಳು, ರಾಗಿಬನನ್ನು ಇಡಿಯಾಗಿ ಕೇಳುತ್ತಿದ್ದಳು. ಲಿಂಟ್ಸಿನಿಂದ ನಾದಿನಿಯ ರಕ್ತ ಬಂದಿತ್ತು. ಪ್ರಯೋಗಾಲಯದಲ್ಲಿ ಇರುವ ಯಾವ ಮೂಳೆಗೂ ಅದು ಹೊಂದಲಿಲ್ಲ.

"ಹೊಸ ಗುಂಡಿ ಸಿಗ್ತಾ ಇಲ್ಲ ಈಗೀಗ," ಎಂದ ಜಿಯಾದ್ ಒಮ್ಮೆ, ಅವಳು ಫೋನ್ ಇಟ್ಟದ್ದನ್ನು ನೋಡಿ. "ಹೇಳ್ಬಾರ್ದಾ ಅವರಿಗೆ?"

"ಅದನ್ನ ಅವರು ಕೇಳ್ಲಿಲ್ಲ."

ಅಕ್ಟೋಬರಿನ ಒಂದು ಗುರುವಾರ ಫೋನಿನ ಹಿಂದೆ ಸಂತೆಯ ಗದ್ದಲ ಜೋರಾಗಿತ್ತು. ಯಾರೋ ಎಲೆಕೋಸಿಗೆ ಕೂಗುತ್ತಿದ್ದರು.

"ತೆರೆದಿದ್ದೀಯಾ ಮಗಾ?"

"ತೆರೀತಿದ್ದೀನಿ ತೆತಾ."

"ಒತ್ತು."

ಒತ್ತಿದಳು. ಡೇಟಾಬೇಸು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟಿತು. ಕೆಂಪು ಅಕ್ಷರವಿಲ್ಲ, ಬೈಗುಳವಿಲ್ಲ, ಎಲ್ಲ ಸರಿಯಾಗಿತ್ತು. ಪಟ್ಟಿ ಖಾಲಿ.

"ಏನು ಬಂತು?"

ಬೆರಿನಾ ಬಾಯಿ ತೆರೆದು, ಮುಚ್ಚಿಕೊಂಡಳು.

"ಗಡಿಬಿಡಿ ಮಾಡ್ಬೇಡ," ಎಂದಳು ಷೆಫಿಕಾ ಆ ಕಡೆಯಿಂದ. "ನಿಧಾನಕ್ಕೆ ನೋಡು. ನಾನು ಇಲ್ಲೇ ಇರ್ತೀನಿ."

"ನೋಡ್ತೀನಿ ತೆತಾ," ಎಂದು ಬೆರಿನಾ ತೆರೆಯ ಮೇಲಿನ ಬಿಳಿಯನ್ನು ನಿಧಾನಕ್ಕೆ ನೋಡುತ್ತ ಕೂತಳು.